ಗಿಡ ಕಾರವಾರದ್ದು, ಕಪಾಟು ಮುಂಬೈಯದ್ದು

ಒಂದು ಗಿಡವನ್ನು ನೂರು ವರ್ಷ ಇಡಬೇಕು ಅಂದ್ರೆ ಹೂವು ಇರುವಾಗಲೇ ಕೀಳಬೇಕು. ಹಳೇ ಪೇಪರಿನ ಮಡಿಕೆಯೊಳಗೆ ಎಲೆ ಬಿಡಿಸಿ ಹರಡಬೇಕು. ಎರಡು ಹಲಗೆ ಇಟ್ಟು ಬಿಗಿಯಾಗಿ ಕಟ್ಟಬೇಕು. ಪೇಪರು ಒದ್ದೆಯಾದ ಹಾಗೆ ಬದಲಾಯಿಸುತ್ತಲೇ ಇರಬೇಕು. ನಮ್ಮ ಕಡೆ ಆಷಾಢದಲ್ಲಿ ಇದನ್ನು ಮಾಡಿ ನೋಡಿ, ಗೊತ್ತಾಗುತ್ತದೆ. ತಂತಿ ಮೇಲಿನ ಅಂಗಿಯೇ ಮೂರು ದಿನಕ್ಕೂ ಒಣಗುವುದಿಲ್ಲ, ಇನ್ನು ಗಿಡ ಎಲ್ಲಿಂದ ಒಣಗಬೇಕು? ಒಲೆಯ ಮೇಲಿನ ಅಟ್ಟವೇ ಗತಿ. ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ, ದಂಟನ್ನು ನೂಲಿನಿಂದ ಹೊಲಿದು, ಹುಳ ಹಿಡಿಯದ ಹಾಗೆ ಔಷಧಿ ಹಾಕುತ್ತಾರೆ. ಕೊನೆಗೆ ಕೆಳಗೊಂದು ಚೀಟಿ: ಯಾವ ಊರು, ಯಾವ ತಾರೀಕು, ಯಾರು ಕಿತ್ತಿದ್ದು. ಆ ಚೀಟಿ ಬಿದ್ದುಹೋದರೆ ಉಳಿಯುವುದು ಒಣಸೊಪ್ಪು ಮಾತ್ರ.

ಇಂಥ ಹಾಳೆಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯವು ಒಂದಷ್ಟು ಮುಂಬೈನಲ್ಲಿವೆ. ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ ಎಂಬ ಒಣಗಿಡಗಳ ಸಂಗ್ರಹದಲ್ಲಿ. ಅದನ್ನು ಶುರು ಮಾಡಿದ್ದು ಎಥೆಲ್ಬರ್ಟ್ ಬ್ಲಾಟರ್ ಎಂಬ ಸ್ವಿಟ್ಜರ್ಲೆಂಡಿನ ಜೆಸ್ವಿಟ್ (ಕ್ಯಾಥೊಲಿಕ್ ಸನ್ಯಾಸಿ ಸಂಘದ) ಪಾದ್ರಿ, 1906ರಲ್ಲಿ. ನಮ್ಮ ಗಿಡಗಳು ಅಲ್ಲಿಗೆ ಹೋಗಿದ್ದಕ್ಕೆ ಕಾರಣ ಸರಳ. 1862ರಿಂದ 1956ರವರೆಗೆ ನಾವು ಬೊಂಬಾಯಿ ಕಡೆಯವರು. ಅರಣ್ಯ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಟಿ. ಆರ್. ಬೆಲ್ ಮತ್ತು ಐಸಿಎಸ್ ಅಧಿಕಾರಿ ಎಲ್. ಜೆ. ಸೆಡ್ಜ್‌ವಿಕ್ ಸೇರಿಕೊಂಡು ನಮ್ಮ ಕಾಡಲ್ಲಿ ಗಿಡ ಕೂಡಿಸಿದರು. ಅವು ಝೇವಿಯರ್ಸ್‌ಗೆ ಸೇರಿದವು. ಬೆಲ್ ಅಂತೂ ನಿವೃತ್ತಿಯಾದ ಮೇಲೂ ಐರ್ಲೆಂಡಿಗೆ ವಾಪಸ್ ಹೋಗಲಿಲ್ಲ. ಕಾರವಾರದಲ್ಲೇ ಉಳಿದರು, 1948ರಲ್ಲಿ ಅಲ್ಲೇ ತೀರಿಕೊಂಡರು. ಅದಕ್ಕೂ ಮೊದಲು, 1890ರ ದಶಕದಲ್ಲಿ, ಅವರೂ ಕಲೆಕ್ಟರ್ ಡೇವಿಡ್ಸನ್‌ರೂ ಉಪ್ಪು-ಸುಂಕ ಇಲಾಖೆಯ ಏಟ್‌ಕನ್‌ರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದಿದ್ದರು. ಚಿಟ್ಟೆ ನೋಡುವವರು ಈಗಲೂ ಅದನ್ನು ಮಗುಚುತ್ತಾರೆ.

ಈ ಹಳೇ ಕಥೆ ಈಗ ಯಾಕೆ ಅಂದರೆ, ಕರ್ನಾಟಕದ ಕ್ರೈಸ್ತ ಕಾಲೇಜುಗಳು ಒಂದೊಂದಾಗಿ ವಿಶ್ವವಿದ್ಯಾಲಯ ಆಗುತ್ತಿವೆ. ಬೆಂಗಳೂರಿನ ಕ್ರೈಸ್ಟ್ 2008ರಲ್ಲೇ ಡೀಮ್ಡ್ ವಿಶ್ವವಿದ್ಯಾಲಯ ಆಯಿತು. ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಮಂಗಳೂರಿನ ಸೇಂಟ್ ಅಲೋಶಿಯಸ್‌ಗೆ 2024ರ ಜನವರಿಯಲ್ಲಿ ಡೀಮ್ಡ್ ಸ್ಥಾನ ಸಿಕ್ಕಿತು. ಕಾಲೇಜು ಇದ್ದಾಗ ಸಿಲಬಸ್ಸಿಗೂ ಪಿಎಚ್‌ಡಿಗೂ ಬೇರೆಯವರ ಬಾಗಿಲು ಕಾಯಬೇಕಿತ್ತು. ಈಗ ಅವರೇ ಯಜಮಾನರು. ಹೊಸ ವಿಷಯಕ್ಕೊಂದು ಸಂಶೋಧನಾ ‘ಸೆಂಟರ್’ ತೆರೆಯುವುದು ಮೊದಲಿಗಿಂತ ಸುಲಭ. ನಮ್ಮ ಜಿಲ್ಲೆಯಲ್ಲಿ ಕ್ರೈಸ್ತ ವಿಶ್ವವಿದ್ಯಾಲಯ ಇಲ್ಲ. ಆದರೆ ಅವರಿಗೆ ಬೇಕಾದದ್ದೆಲ್ಲ ನಮ್ಮಲ್ಲಿದೆ: ಕಾಡು, ಕಡಲು, ಅಳಿವೆ, ಸಿದ್ದಿಯರು, ಗೌಳಿಗರು, ಬನವಾಸಿ, ಕೊಂಕಣಿ, ಮಂಗನ ಕಾಯಿಲೆ. ಹಾಗಾಗಿ ನೋಟ್‌ಬುಕ್ ಹಿಡಿದು ಬರುವವರು ಜಾಸ್ತಿಯಾಗುತ್ತಾರೆ ಅಂತ ನನ್ನ ಲೆಕ್ಕ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಯಾವ ಸೆಂಟರ್ ಗಟ್ಟಿ, ಯಾವುದು ಬರೀ ಬೋರ್ಡು ಅಂತ ಗುರುತಿಸುವುದು ಹೇಗೆ?

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸೋಣ. ಕ್ರೈಸ್ತ ವಿಶ್ವವಿದ್ಯಾಲಯದ ಸಂಶೋಧನೆ ಅಂದ ಕೂಡಲೇ ನಮ್ಮ ಕಡೆ ‘ಬೈಬಲ್ ಮೇಲೆ ಏನೋ ಮಾಡ್ತಾರೆ’ ಅನ್ನುತ್ತಾರೆ. ಧರ್ಮಶಾಸ್ತ್ರದ ಸೆಂಟರ್‌ಗಳು ಇವೆ, ಇಲ್ಲವೆಂದಲ್ಲ. ಸರ್ವಧರ್ಮ ಸಂವಾದ, ಶಾಂತಿ ಅಧ್ಯಯನದಂಥವೂ ಇವೆ. ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯ ನೋಟ್ರ್ ಡೇಮ್‌ನಲ್ಲಿರುವ ಕ್ರಾಕ್ ಸಂಸ್ಥೆ ಶಾಂತಿಯ ಬಗ್ಗೆಯೇ ಕೆಲಸ ಮಾಡುತ್ತದೆ. ಮೆಕ್‌ಡೊನಾಲ್ಡ್ಸ್ ಕಟ್ಟಿದ ರೇ ಕ್ರಾಕ್‌ರ ಹೆಂಡತಿ ಜೋನ್ ಕೊಟ್ಟ ಹಣದಿಂದ 1986ರಲ್ಲಿ ಶುರುವಾದದ್ದು. ಆದರೆ ಹೆಚ್ಚಿನ ಸೆಂಟರ್‌ಗಳ ವಿಷಯ ಲೋಕದ್ದೇ: ಗಿಡ, ರೋಗ, ಭಾಷೆ, ಇತಿಹಾಸ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲಿ ಕುಷ್ಠ ರೋಗಿಗಳ ಮಡಚಿಹೋದ ಬೆರಳುಗಳಿಗೆ ಆಪರೇಷನ್ ಮಾಡಿ ಮತ್ತೆ ಕೆಲಸಕ್ಕೆ ಬರುವ ಹಾಗೆ ಮಾಡಿದರು. ಅಲ್ಲಿ ಜಾತಿ ಮತ ಯಾರು ಕೇಳಿದರು?

ಸೆಂಟರ್ ನಡೆಯುವುದು ಹೇಗೆ ಅಂತ ಸ್ವಲ್ಪ ಒಳಗಿಂದ ನೋಡಬೇಕು. ವಿಶ್ವವಿದ್ಯಾಲಯದ ವಿಭಾಗಕ್ಕೆ ವಿದ್ಯಾರ್ಥಿಗಳಿರುತ್ತಾರೆ. ವಿದ್ಯಾರ್ಥಿ ಇದ್ದಲ್ಲಿ ಫೀಸು. ಫೀಸು ಇದ್ದಲ್ಲಿ ಮಾಸ್ತರರಿಗೆ ಸಂಬಳ. ಸೆಂಟರ್‌ಗೆ ಈ ಅನುಕೂಲ ಇಲ್ಲ. ಅದಕ್ಕೆ ಸಾಮಾನ್ಯವಾಗಿ ಮೂರೇ ದಾರಿ. ಒಂದು, ಪ್ರಾಜೆಕ್ಟಿನ ಹಣ. ಮೂರು ವರ್ಷಕ್ಕೆ ಬರುತ್ತದೆ, ಮೂರು ವರ್ಷಕ್ಕೆ ಮುಗಿಯುತ್ತದೆ, ಜೊತೆಗೆ ಹುಡುಗ-ಹುಡುಗಿಯರ ಕೆಲಸವೂ ಮುಗಿಯುತ್ತದೆ. ಇನ್ನೊಂದು, ಮೂಲಧನ. ದೇವಸ್ಥಾನಕ್ಕೆ ಉಂಬಳಿ ಬಿಟ್ಟ ಹಾಗೆ. ಗದ್ದೆ ಮಾರುವ ಹಾಗಿಲ್ಲ, ಗೇಣಿಯಲ್ಲಿ ದೀಪ ಉರಿಯಬೇಕು. ಅಮೆರಿಕದ ದೊಡ್ಡ ಸೆಂಟರ್‌ಗಳು ಹೀಗೇ ನಡೆಯುತ್ತವೆ. ನಮ್ಮ ದೇಶದಲ್ಲಿ ಇದು ಅಪರೂಪ.

ಮೂರನೆಯ ದಾರಿ ಜೆಸ್ವಿಟ್‌ರಂಥ ಸನ್ಯಾಸಿ ಸಂಘಗಳದ್ದು. ಅದನ್ನು ನಮ್ಮವರು ತಟ್ಟನೆ ಅರ್ಥ ಮಾಡಿಕೊಳ್ಳುತ್ತಾರೆ, ಮಠ ನೋಡಿದವರಲ್ವಾ. ಪಾದ್ರಿ ಪ್ರೊಫೆಸರ್‌ಗೆ ಮನೆ ಕಟ್ಟುವ, ಮಗಳ ಮದುವೆ ಮಾಡುವ ಚಿಂತೆ ಇಲ್ಲ. ಸಂಬಳ ಸಂಘಕ್ಕೇ ಹೋಗುತ್ತದೆ. ಅವರು ತೀರಿಕೊಂಡರೆ ಸಂಘ ಇನ್ನೊಬ್ಬರನ್ನು ಕಳಿಸಬಹುದು. ಪೀಠ ಖಾಲಿ ಬೀಳುವುದಿಲ್ಲ. ಬ್ಲಾಟರ್ ಹೋದ ಮೇಲೆ ಸ್ಪೇನಿನ ಸಾಂತಪಾವ್ ಎಂಬ ಇನ್ನೊಬ್ಬ ಜೆಸ್ವಿಟ್ ಬಂದು ಅದೇ ಕಪಾಟುಗಳ ನಡುವೆ ಕೂತರು. 1967ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಪಾಟಿಗೆ ವಾರಸುದಾರ ಸಿಕ್ಕಿದ. ಹುಳ ಹಿಡಿಯಲಿಲ್ಲ.

ಇನ್ನೊಂದು ಉದಾಹರಣೆ ಶಿರಸಿಗೆ ತೀರಾ ಹತ್ತಿರದ್ದು. ಬನವಾಸಿಗೆ ಹೋದವರೆಲ್ಲ ಮಧುಕೇಶ್ವರನ ಎದುರಿನ ನಂದಿ ನೋಡಿ, ಕದಂಬರ ಹೆಸರು ಹೇಳಿ, ಮಂಡಕ್ಕಿ ತಿಂದು ವಾಪಸ್ ಬರುತ್ತೇವೆ. ಆ ಕದಂಬರ ಇತಿಹಾಸವನ್ನು ಶಾಸನಗಳಿಂದ ಹೆಕ್ಕಿ ಒಂದು ಪೂರ್ತಿ ಪುಸ್ತಕವಾಗಿ ಇಂಗ್ಲಿಷಿನಲ್ಲಿ ಕೊಟ್ಟವರು ಜಾರ್ಜ್ ಮೊರಾಯೆಸ್. ‘ಕದಂಬ ಕುಲ’, 1931. ಅವರು ಕಲಿತದ್ದು ಮುಂಬೈಯ ಅದೇ ಝೇವಿಯರ್ಸ್‌ನಲ್ಲಿ, ಹೆನ್ರಿ ಹೆರಾಸ್ ಎಂಬ ಸ್ಪೇನಿನ ಜೆಸ್ವಿಟ್ ಕೈಕೆಳಗೆ. ಹೆರಾಸ್ 1922ರಲ್ಲಿ ಭಾರತಕ್ಕೆ ಬಂದವರು. 1926ರಲ್ಲಿ ಕಾಲೇಜಿನೊಳಗೇ ಇತಿಹಾಸ ಸಂಶೋಧನಾ ಸಂಸ್ಥೆ ಕಟ್ಟಿದರು. ಐದು ವರ್ಷದಲ್ಲಿ ಕದಂಬರ ಪುಸ್ತಕ ಹೊರಗೆ! ಆ ಸಂಸ್ಥೆಗೆ ಈಗ ಹೆರಾಸ್ ಹೆಸರೇ ಇದೆ. ಕನ್ನಡದ ಮೊದಲ ರಾಜಮನೆತನದ ಮೇಲಿನ ಮುಖ್ಯ ಪುಸ್ತಕವೊಂದು ಬನವಾಸಿಯಿಂದಲೂ ಬರಲಿಲ್ಲ, ಧಾರವಾಡದಿಂದಲೂ ಬರಲಿಲ್ಲ, ಬೊಂಬಾಯಿಯ ಪಾದ್ರಿಗಳ ಕಾಲೇಜಿನಿಂದ ಬಂತು ಅನ್ನುವುದು ನನಗೆ ಇವತ್ತಿಗೂ ಸೋಜಿಗ. ಇದನ್ನು ಕದಂಬೋತ್ಸವದ ವೇದಿಕೆಯಲ್ಲಿ ಒಮ್ಮೆ ಹೇಳಿದರೆ ತಪ್ಪೇನಿಲ್ಲ.

ಕ್ರೈಸ್ತ ವಿದ್ವಾಂಸರ ಮಾತು ಬಂದರೆ ಕಿಟೆಲ್ ಹೆಸರು ಹೇಳಿ, ನಮಸ್ಕಾರ ಹೊಡೆದು ಮುಗಿಸುವುದು ನಮ್ಮ ರೂಢಿ. ಅದು ಎಲ್ಲರಿಗೂ ಗೊತ್ತಿರುವುದೇ, ಬಿಡಿ. ಕಾರವಾರದಲ್ಲಿ ನಿಂತು ನೋಡಿದರೆ ಕಥೆ ಅಷ್ಟು ಸಿಹಿಯಾಗಿಲ್ಲ.

ಕಾಳಿ ನದಿ ದಾಟಿ, ಸದಾಶಿವಗಡ ದಾಟಿ, ಪೋಳೆಂ ಗಡಿ ದಾಟಿದರೆ ಗೋವಾ. ಅಲ್ಲಿ ಪಣಜಿ ಪಕ್ಕದ ಪರ್ವರಿಯಲ್ಲಿ ಜೆಸ್ವಿಟ್‌ರ ಎರಡು ಸಂಶೋಧನಾ ಸಂಸ್ಥೆಗಳಿವೆ. ಒಂದು ಝೇವಿಯರ್ ಇತಿಹಾಸ ಸಂಶೋಧನಾ ಕೇಂದ್ರ. ಇನ್ನೊಂದು ಥಾಮಸ್ ಸ್ಟೀಫನ್ಸ್ ಕೊಂಕಣಿ ಕೇಂದ್ರ. ಸ್ಟೀಫನ್ಸ್ 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಪಾದ್ರಿ. ಕೊಂಕಣಿಯ ಮೊದಲ ವ್ಯಾಕರಣ ಅವರದ್ದು. ಅವರು ತೀರಿಕೊಂಡ ಮೇಲೆ 1640ರಲ್ಲಿ ಅಚ್ಚಾಯಿತು. ಪೋರ್ಚುಗೀಸರು ಆಗ ಕೊಂಕಣಿಗೆ ‘ಕಾನಾರಿಂ’ ಅನ್ನುತ್ತಿದ್ದರು, ವ್ಯಾಕರಣದ ಹೆಸರಲ್ಲೂ ಅದೇ ಇದೆ. ಕನ್ನಡ ಯಾವುದು ಕೊಂಕಣಿ ಯಾವುದು ಅನ್ನುವ ಗೊಂದಲ ಕಾರವಾರದಲ್ಲಿ ಇವತ್ತಿನದ್ದಲ್ಲ ನೋಡಿ!

ಆದರೆ ಆ ವ್ಯಾಕರಣ ಹುಟ್ಟಿದ್ದು ಕೊಂಕಣಿಯ ಮೇಲಿನ ಪ್ರೀತಿಗಾಗಿ ಅಲ್ಲ. ಮತ ಹೇಳಲು ಭಾಷೆ ಬೇಕಿತ್ತು. 1560ರಲ್ಲೇ ಗೋವಾದಲ್ಲಿ ಇನ್‌ಕ್ವಿಜಿಷನ್ ಎಂಬ ಚರ್ಚಿನ ವಿಚಾರಣಾ ನ್ಯಾಯಾಲಯ ಬಂದಿತ್ತು. 1684ರಲ್ಲಿ ವೈಸರಾಯ್ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕು ಅಂತ ಹುಕುಂ ಹೊರಡಿಸಿದ. ದೇವರ ಮೂರ್ತಿ ಹೊತ್ತು, ಹೊಳೆ ದಾಟಿ ಬಂದವರ ಮನೆತನಗಳು ಕಾರವಾರ, ಅಂಕೋಲಾ, ಕುಮಟಾದಲ್ಲಿ ಇವತ್ತೂ ಇವೆ. ಅಂಥ ಮನೆಯ ಅಜ್ಜಿಗೆ ಹೋಗಿ ‘ಪಾದ್ರಿಗಳು ಕೊಂಕಣಿ ಉಳಿಸುತ್ತಿದ್ದಾರೆ’ ಅಂದರೆ ಅವಳು ನಗಬಹುದು, ಬೈಯಲೂಬಹುದು. ಎರಡಕ್ಕೂ ಅವಳಿಗೆ ಹಕ್ಕಿದೆ.

ಹಾಗಾದರೆ ಆ ಕೇಂದ್ರ ಬೇಡವೇ? ಬೇಕು. ಕಟ್ಟಿದವರ ಉದ್ದೇಶ ಏನಿತ್ತು ಅನ್ನುವುದು ಒಂದು ಮಾತು. ಕಪಾಟಿನ ಕೀಲಿ ಇವತ್ತು ಯಾರಿಗೆ ಸಿಗುತ್ತದೆ ಅನ್ನುವುದು ಬೇರೆ ಮಾತು. ನಾನು ಎರಡನೆಯದಕ್ಕೇ ಜಾಸ್ತಿ ತೂಕ ಕೊಡುತ್ತೇನೆ. ಸ್ಟೀಫನ್ಸ್ ಬರೆದಿಡದಿದ್ದರೆ ನಾಲ್ಕು ನೂರು ವರ್ಷದ ಹಿಂದಿನ ಕೊಂಕಣಿ ಕ್ರಿಯಾಪದ ಹೇಗಿತ್ತು ಅಂತ ತಿಳಿಯಲು ನಮ್ಮ ಹತ್ತಿರ ಬೇರೆ ಏನಿತ್ತು?

ಕೀಲಿಯ ಮಾತಿಗೆ ಒಳ್ಳೆಯ ಕಥೆ ಬೆಂಗಳೂರಿನದ್ದು. ಸೇಂಟ್ ಜೋಸೆಫ್ಸ್‌ನಲ್ಲಿ ಸೆಸಿಲ್ ಸಲ್ಡಾನಾ ಅಂತ ಜೆಸ್ವಿಟ್ ಸಸ್ಯವಿಜ್ಞಾನಿ ಇದ್ದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಜೊತೆ ಸೇರಿ ಹಾಸನ ಜಿಲ್ಲೆಯ ಗಿಡಗಳ ಬಗ್ಗೆ ದಪ್ಪ ಗ್ರಂಥ ತಂದರು, 1976ರಲ್ಲಿ. ಆಮೇಲೆ ಇಡೀ ಕರ್ನಾಟಕದ ಗಿಡಗಳಿಗೆ ಕೈ ಹಾಕಿದರು. 2002ರಲ್ಲಿ ಅವರು ತೀರಿಕೊಂಡಾಗ ಆ ಕೆಲಸ ಪೂರ್ತಿ ಆಗಿರಲಿಲ್ಲ. ಅವರ ಸಂಗ್ರಹ ಕಾಲೇಜಿನಲ್ಲಿ ಉಳಿಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರಕ್ಕೆ ಹೋಯಿತು. ಹೆಸರು ಮಾತ್ರ ಈಗಲೂ ‘ಜೆಸಿಬಿ’. ಮಣ್ಣು ತೋಡುವ ಹಳದಿ ಯಂತ್ರ ಅಲ್ಲ. ಜೋಸೆಫ್ಸ್ ಕಾಲೇಜ್, ಬೆಂಗಳೂರು.

ಇಲ್ಲಿ ನಾನು ಮೇಲೆ ಹೇಳಿದ ಮಠದ ಮಾತು ಸ್ವಲ್ಪ ಸಡಿಲ ಆಯಿತು, ಒಪ್ಪುತ್ತೇನೆ. ಸಂಘ ಇದ್ದ ಮಾತ್ರಕ್ಕೆ ಕಪಾಟಿಗೆ ವಾರಸುದಾರ ಸಿಗುವುದಿಲ್ಲ. ಅದೇ ಹುಚ್ಚು ಇರುವ ಇನ್ನೊಬ್ಬ ಬೇಕು. ಆದರೆ ಕಪಾಟು ಕೈ ಬದಲಾದದ್ದರಿಂದ ನಮಗೆ ಲಾಭವೇ ಆಯಿತು. ವಿಜ್ಞಾನ ಸಂಸ್ಥೆಯವರು ಕರ್ನಾಟಕದ ಗಿಡಗಳ ಮಾಹಿತಿಯನ್ನು ಇಂಟರ್‌ನೆಟ್ಟಿಗೆ ಹಾಕಿದರು. ಶಿರಸಿಯ ಹುಡುಗಿ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಗಿಡದ ಹೆಸರು ಒತ್ತಿ ನೋಡಬಹುದು. ಪಾಸು, ಪತ್ರ, ಶಿಫಾರಸು ಯಾವುದೂ ಬೇಡ.

ಈಗ ಹೊಸ ವಿಶ್ವವಿದ್ಯಾಲಯಗಳಿಗೆ ಬರೋಣ. ಹೆರಾಸ್‌ರ ಕಾಲದಲ್ಲಿ ಯಾರೂ ಅಂಕ ಹಾಕುತ್ತಿರಲಿಲ್ಲ. ಈಗ ಗುಣಮಟ್ಟ ಅಳೆಯುವ ನ್ಯಾಕ್ ಇದೆ, 2016ರಿಂದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಇದೆ. ವಿಶ್ವವಿದ್ಯಾಲಯಗಳಿಗೆ ನೂರಕ್ಕೆ ಮೂವತ್ತು ಅಂಕ ಸಂಶೋಧನೆಗೆ. ಅದರಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಪ್ರಬಂಧ ಅಚ್ಚಾಯಿತು, ಎಷ್ಟು ಜನ ಅದನ್ನು ಉಲ್ಲೇಖಿಸಿದರು, ಎಷ್ಟು ಪೇಟೆಂಟ್, ಎಷ್ಟು ಪ್ರಾಜೆಕ್ಟ್ ಹಣ. ಹುಳ ಹಿಡಿಯದ ಹಾಗೆ ಐವತ್ತು ವರ್ಷ ಕಪಾಟು ಕಾಯ್ದವನಿಗೆ ಅಲ್ಲಿ ಕಾಲಂ ಇಲ್ಲ. ಊರಿನವರಿಗೆ ಕನ್ನಡದಲ್ಲಿ ವರದಿ ಬರೆದು ಕೊಟ್ಟರೆ ಅಂಕ ಬಹುತೇಕ ಸೊನ್ನೆ. ಹಾಗಾಗಿ ಸೆಂಟರ್ ನಡೆಸುವವರೂ ಲೆಕ್ಕ ಹಾಕುತ್ತಾರೆ. ಒಂದೇ ಕಾಡಿಗೆ ಇಪ್ಪತ್ತು ವರ್ಷ ಹೋಗುವ ಬದಲು, ಹತ್ತು ಕಾಡಿಗೆ ಎರಡೆರಡು ಸಲ ಹೋಗಿ ಹತ್ತು ಪ್ರಬಂಧ ಮಾಡುವುದು ಜಾಣತನ. ಇದು ಕ್ರೈಸ್ತ ಸಂಸ್ಥೆಗಳ ರೋಗ ಮಾತ್ರ ಅಲ್ಲ, ಎಲ್ಲರದ್ದೂ. ಆದರೆ ಅವರ ಹತ್ತಿರ ಇದ್ದ ಮದ್ದು, ಅಂದರೆ ಸಂಬಳ-ಬಡ್ತಿಯ ಹಂಗಿಲ್ಲದ ಪಾದ್ರಿ ಪ್ರೊಫೆಸರ್, ಈಗ ಕಡಿಮೆ. ಹೆಚ್ಚಿನ ಕೆಲಸ ನಮ್ಮ ನಿಮ್ಮ ಹಾಗೆ ಮನೆ ಸಾಲ ಕಟ್ಟುವ ಅಧ್ಯಾಪಕರದ್ದೇ.

ಹಣದ ಕಥೆಯೂ ಬದಲಾಗಿದೆ. ಸಂಶೋಧನೆಗೆ ಹಣ ಕೊಡಲು ಕೇಂದ್ರ ಸರ್ಕಾರ 2023ರಲ್ಲಿ ಕಾನೂನು ತಂದು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಮಾಡಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಅಂದಾಜು. ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ, ಕಂಪನಿ ಮತ್ತು ದಾನಿಗಳಿಂದ ಬರಬೇಕು ಅಂತ ಲೆಕ್ಕ. ವಿದೇಶಿ ದೇಣಿಗೆಯ ದಾರಿಯಂತೂ ಕಿರಿದಾಗಿದೆ. 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ತಿದ್ದುಪಡಿಯ ಪ್ರಕಾರ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು. ಆಡಳಿತ ಖರ್ಚು ನೂರಕ್ಕೆ ಇಪ್ಪತ್ತು ದಾಟಬಾರದು. ಎಲ್ಲಕ್ಕಿಂತ ಮುಖ್ಯ, ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಈ ಕೊನೆಯ ನಿಯಮ ನಮ್ಮ ಜಿಲ್ಲೆಗೆ ನೇರ ತಾಗುತ್ತದೆ. ಮೊದಲಾದರೆ ಬೆಂಗಳೂರಿನ ದೊಡ್ಡ ಸಂಸ್ಥೆ ವಿದೇಶದಿಂದ ಬಂದ ಹಣದಲ್ಲಿ ಒಂದು ಭಾಗವನ್ನು ಯಲ್ಲಾಪುರದ ಸಣ್ಣ ಸಂಘಕ್ಕೆ ಕೊಟ್ಟು, ‘ನಿಮ್ಮೂರಿನ ಕೆಲಸ ನೀವೇ ಮಾಡಿ’ ಅನ್ನಬಹುದಿತ್ತು. ಈಗ ಆಗುವುದಿಲ್ಲ. ಅವರೇ ಬರಬೇಕು, ಅವರೇ ಕೇಳಬೇಕು, ಅವರೇ ಬರೆದುಕೊಂಡು ಹೋಗಬೇಕು. ದುರ್ಬಳಕೆ ತಡೆಯಲು ತಂದ ನಿಯಮ ಅನ್ನುತ್ತದೆ ಸರ್ಕಾರ. ಇರಬಹುದು. ಆದರೆ ಊರಿನವರು ಜೊತೆಗಾರರಾಗುವ ಬದಲು ಮಾಹಿತಿ ಕೊಡುವವರಾಗಿ ಉಳಿಯುತ್ತಾರೆ, ಅಷ್ಟೇ.

ಮಾಹಿತಿ ಕೊಡುವುದರಲ್ಲಿ ಸಿದ್ದಿಯರಷ್ಟು ಅನುಭವಿಗಳು ಯಾರೂ ಇರಲಿಕ್ಕಿಲ್ಲ. ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡಿನ ಕಾಡಂಚಿನಲ್ಲಿ ಇರುವವರು. ಕೆಲವರು ಹಿಂದೂ, ಕೆಲವರು ಕ್ರೈಸ್ತರು, ಕೆಲವರು ಮುಸ್ಲಿಮರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2011ರಲ್ಲಿ ವಿಜ್ಞಾನಿಗಳು ಅವರ ಡಿಎನ್‌ಎ ನೋಡಿ ಆಫ್ರಿಕಾ, ಭಾರತ, ಯುರೋಪು ಮೂರರ ಗುರುತೂ ಇದೆ ಅಂದರು. ಅದು ಯಾವ ಕ್ರೈಸ್ತ ಸೆಂಟರಿನ ಕೆಲಸವೂ ಅಲ್ಲ, ಸರ್ಕಾರಿ ಪ್ರಯೋಗಾಲಯದ್ದು. ಒಳ್ಳೆಯ ವಿಜ್ಞಾನವೇ. ಆದರೆ ಅಂಥ ಪ್ರಬಂಧ ಬರುವುದು ಇಂಗ್ಲಿಷಿನಲ್ಲಿ. ಸಿದ್ದಿ ಕೇರಿಯಲ್ಲಿ ಅದನ್ನು ಕೂತು ಓದಿ ಹೇಳುವವರು ಯಾರು?

ನಮ್ಮ ಕೈಯಲ್ಲೇನೂ ಇಲ್ಲ ಅಂತಲ್ಲ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಕಾರವಾರದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಸ್ಥೆಯ ಕೇಂದ್ರ ಇದೆ, ಕಡಲಲ್ಲಿ ಪಂಜರ ಬಿಟ್ಟು ಮೀನು ಸಾಕುವುದನ್ನು ಮಾಡಿ ತೋರಿಸಿದವರು. ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ. ಕುಮಟಾದಲ್ಲಿ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರ ಇದೆ. ಅಲ್ಲಿಂದ ವರ್ಷಾನುಗಟ್ಟಲೆ ಅಘನಾಶಿನಿ ಅಳಿವೆಯ ಬಳಚು ಚಿಪ್ಪು, ಉಪ್ಪುನೀರಿನ ಕಗ್ಗ ಭತ್ತ, ಕಾಂಡ್ಲಾ ಗಿಡಗಳ ಲೆಕ್ಕ ಇಟ್ಟರು. 2024ರಲ್ಲಿ ಅಘನಾಶಿನಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಂಥ ಪಟ್ಟಿಗೆ ಸೇರಬೇಕಾದರೆ ಹಳೇ ಲೆಕ್ಕ ಬೇಕು, ಸುಮ್ನೆ ‘ನಮ್ಮ ಅಳಿವೆ ಚಂದ ಇದೆ’ ಅಂದರೆ ಯಾರೂ ಕೇಳುವುದಿಲ್ಲ. ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಸಿಕ್ಕ ಗೇರು ಜಾತಿಯ ಮರಕ್ಕೆ 2000ದಲ್ಲಿ ಆ ಕಾನಿನ ಹೆಸರನ್ನೇ ಇಟ್ಟರು. ಇಡೀ ಜಗತ್ತಿಗೆ ಹೊಸ ಮರ ಅದು.

ಹೊರಗಿನ ಸೆಂಟರ್ ಬಂದು ಒಡಂಬಡಿಕೆಗೆ ಸಹಿ ಕೇಳಿದರೆ ನಮ್ಮ ಕಾಲೇಜುಗಳು, ಪಂಚಾಯ್ತಿಗಳು ಏನು ಮಾಡಬೇಕು? ಸೆಂಟರಿನ ಹೆಸರಲ್ಲಿ ಶಿಲುಬೆ ಇದೆಯೋ ಓಂ ಇದೆಯೋ ಅಂತ ನೋಡುವುದಕ್ಕಿಂತ ಮೊದಲು ಸಾದಾ ಪ್ರಶ್ನೆಗಳನ್ನು ಕೇಳಬೇಕು. ಬರೆದುಕೊಂಡದ್ದರ ಒಂದು ಪ್ರತಿ ಇಲ್ಲಿ ಉಳಿಯುತ್ತದಾ? ಕನ್ನಡದಲ್ಲಿ? ಪ್ರಾಜೆಕ್ಟ್ ಮುಗಿದ ಮೇಲೆ ಫೋನು ಎತ್ತುವವರು ಯಾರು? 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡ-ಪ್ರಾಣಿ-ತಿಳಿವಳಿಕೆಗಳ ದಾಖಲೆ ಪುಸ್ತಕ ಇರಬೇಕು. ಬರುವ ಸೆಂಟರ್ ಆ ಪುಸ್ತಕಕ್ಕೆ ನಾಲ್ಕು ಪುಟ ಸೇರಿಸಿ ಹೋಗಲಿ. ಅಷ್ಟು ಕೇಳುವುದು ದೊಡ್ಡ ಮಾತಲ್ಲ. ಎಷ್ಟು ಪಂಚಾಯ್ತಿಯಲ್ಲಿ ಆ ಪುಸ್ತಕ ಕೈಗೆ ಸಿಗುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಕೇಳಬೇಡಿ.

ನಮ್ಮ ಮನೆಗೂ ಒಂದು ಸಲ ಬಂದಿದ್ದರು. ಯಾವ ಸಂಸ್ಥೆ ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಮೂರು ಜನ, ಒಳ್ಳೆಯ ಮಕ್ಕಳು. ಅಪ್ಪೆಮಿಡಿ ಮರಗಳ ಲೆಕ್ಕ ಬೇಕಿತ್ತು. ಹಳ್ಳದ ದಂಡೆಯಲ್ಲಿ ನಮ್ಮದು ಎರಡು ಮರ. ಟೇಪು ಹಿಡಿದು ಸುತ್ತಳತೆ ತೆಗೆದರು. ಸೊನೆ ಮೂಸಿ ನೋಡಿದರು, ಜೀರಿಗೆ ವಾಸನೆ ಅಂತ ಫಾರಂನಲ್ಲಿ ಗುರುತು ಹಾಕಿದರು. ಯಾವ ವರ್ಷ ಎಷ್ಟು ಮಿಡಿ, ಉಪ್ಪಿನಲ್ಲಿ ಎಷ್ಟು ವರ್ಷ ತಡೆಯುತ್ತದೆ ಅಂತ ಆಯಿಯ ಹತ್ತಿರ ಒಂದು ತಾಸು ಕೇಳಿದರು. ಅಪ್ಪೆಹುಳಿ ಕುಡಿದು, ಊಟ ಮಾಡಿ, ವರದಿ ಕಳಿಸುತ್ತೇವೆ ಅಂತ ವಿಳಾಸ ಬರೆದುಕೊಂಡು ಹೋದರು. ಬರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೂ ಆಯಿ ಕೇಳುತ್ತಿದ್ದಳು: “ತಮಾ, ಅವು ಬರ್ಕಂಡು ಹೋಗಿದ್ದು ಎಂತಾ ಆತಡ?”

2019ರ ಆಗಸ್ಟಿನ ನೆರೆಯಲ್ಲಿ ಹಳ್ಳ ದಂಡೆ ಕೊರೆಯಿತು. ಜೀರಿಗೆ ವಾಸನೆಯ ಮರ ಬುಡಸಮೇತ ಹೋಯಿತು. ಕಸಿ ಕಟ್ಟಿಟ್ಟುಕೊಂಡಿರಲಿಲ್ಲ, ಅದು ನಮ್ಮದೇ ತಪ್ಪು. ಆ ಫಾರಂ ಯಾವ ಊರಿನ ಯಾವ ಕಪಾಟಿನಲ್ಲಿದೆಯೋ, ಅದರಲ್ಲಿ ಮರ ಇನ್ನೂ ನಿಂತಿದೆ. ಸುತ್ತಳತೆ ಸಮೇತ.